ಹಲ್ಲು ಆಳಂದದ್ದು, ಶಾಫ್ಟು ಅಫಜಲಪುರದ್ದು

ನಮ್ಮ ಮನೆಯ ಕಾರಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಆದರೂ ಎಲ್ಲರಿಗೂ ಗೊತ್ತು. ಮುಂದೆ ಗಂಡಸರು. ಗಾಡಿ ನಡೆಸುವವರು ನನ್ನ ಗಂಡ, ಅವರ ಎಡಕ್ಕೆ ನಮ್ಮ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ದಿನಾ ಹಾಜರಿ ಹಾಕುವ ಗೆಳೆಯರಲ್ಲಿ ಒಬ್ಬರು. ಗೆಳೆಯರು ಸಿಗದ ದಿನ ಅಂಗಡಿಯ ಹಮಾಲ. ಹಮಾಲನೂ ಸಿಗದ ದಿನ ಆ ಸೀಟಿನ ಮೇಲೆ ಗೊಬ್ಬರದ ಚೀಲ ಕೂತದ್ದನ್ನು ನಾನು ನೋಡಿದ್ದೇನೆ, ಹೆಂಗಸು ಕೂತದ್ದನ್ನು ನೋಡಿರಲಿಲ್ಲ. ಹಿಂದೆ ಬಲಗಡೆಯ ಕಿಟಕಿಗೆ ನಮ್ಮ ಅತ್ತೆ, ಎಡಗಡೆಯ ಕಿಟಕಿಗೆ ಆ ದಿನದ ಯಾರಾದರೊಬ್ಬ ಹಿರಿಯ ನೆಂಟಳು, ನಡುವೆ ಸೊಸೆಯಾದ ನಾನು.

ನಡುವೆ ಕೂರುವುದೆಂದರೆ ಗುಬ್ಬಿಯ ಮೇಲೆ ಕಾಲಿಡುವುದು. ನಮ್ಮದು ಒಂದು ಕಾಲಕ್ಕೆ ಮಂತ್ರಿಗಳು ಓಡಾಡುತ್ತಿದ್ದಂಥ ಬಿಳಿಯ ಗುಂಡು ಡೀಸೆಲ್ ಕಾರು, ಮಾವನವರ ಕಾಲದ್ದು. ಅದರಲ್ಲಿ ಎಂಜಿನ್ ಮುಂದಿದ್ದರೂ ಗಾಡಿಯನ್ನು ದೂಡುವವು ಹಿಂದಿನ ಗಾಲಿಗಳು. ಎಂಜಿನ್ನಿನ ತಿರುಗನ್ನು ಹಿಂದಕ್ಕೆ ಒಯ್ಯಲು ಕಾರಿನ ಹೊಟ್ಟೆಯ ಕೆಳಗೆ ಒಂದು ಉದ್ದ ಶಾಫ್ಟು ಇರುತ್ತದೆ. ಅದು ತಿರುಗಲು ಜಾಗ ಬೇಕೆಂದು ನೆಲದ ತಗಡನ್ನು ಉಬ್ಬಿಸಿರುತ್ತಾರೆ. ಆ ಉಬ್ಬೇ ಗುಬ್ಬಿ. ಶಾಫ್ಟಿನ ಆ ತುದಿಯಲ್ಲಿ, ಸರಿಯಾಗಿ ಹಿಂದಿನ ಸೀಟಿನ ಅಡಿಗೆ, ಒಂದು ಕಬ್ಬಿಣದ ಬುರುಡೆಯೊಳಗೆ ಒಂದು ಸಣ್ಣ ಹಲ್ಲುಗಾಲಿ ಒಂದು ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಮಿಸ್ತ್ರಿಗಳು ಸಣ್ಣದಕ್ಕೆ ಪಿನಿಯನ್ ಅನ್ನುತ್ತಾರೆ, ದೊಡ್ಡದಕ್ಕೆ ಕ್ರೌನ್. ಹದಿನಾರು ವರ್ಷ ಗುಬ್ಬಿಯ ಮೇಲೆ ಕಾಲಿಟ್ಟುಕೊಂಡು ಕೂತ ನನಗೆ ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನನಗೆ ಆ ಕಾರು ಬೇಕಾಗಿತ್ತು. ನಾನು ಇಜೇರಿಯಲ್ಲಿ ಶಿಕ್ಷಕಿ, ಮನೆ ಜೇವರ್ಗಿಯಲ್ಲಿ. ಬಸ್ಸು ಬಂದರೆ ಪ್ರಾರ್ಥನೆ ಮುಗಿದ ಮೇಲೆ ಬರುತ್ತಿತ್ತು, ಬರದಿದ್ದರೆ ಟಮ್‌ಟಮ್ ರಿಕ್ಷಾದ ಅಂಚಿಗೆ ನೇತಾಡಬೇಕು. ವರ್ಷವಿಡೀ ಹಾಜರಿಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಬೀಳತೊಡಗಿದಾಗ ಮನೆಯಲ್ಲಿ ಒಂದು ಸುಲಭದ ದಾರಿ ತೋರಿಸಿದರು, ನೌಕರಿ ಬಿಡುವುದು. ನಾನು ಬಿಡುವವಳಲ್ಲ. ಕಲಬುರಗಿಗೆ ಹೋಗಿ ಗಾಡಿ ಕಲಿತು ಲೈಸೆನ್ಸ್ ತಂದು ಗಂಡನ ಮುಂದಿಟ್ಟೆ. ಅವರು ಅದರ ಮೇಲಿನ ನನ್ನ ಫೋಟೊ ನೋಡಿ ನಕ್ಕರು.

"ಗಾಡಿ ಹಿಂದ ಭಾಳ ವೀಕ್ ಆಗ್ಯದ. ಹೆಣ್ಮಕ್ಕಳ ಕೈಯಾಗ ಕೊಡೂವಂಗ ಇಲ್ಲ. ಮೊದಲು ಹಿಂದಿಂದು ಗಟ್ಟಿ ಮಾಡಸ್ತೇನಿ, ಆಮ್ಯಾಲ ನಿನಗ ಕೀಲಿ," ಅಂದರು.

ಹಿಂದಿನದು ಗಟ್ಟಿಯಾದ ದಿನ ನನಗೆ ಕೀಲಿ. ಮಾತು ಅಷ್ಟೇ. ಅತ್ತೆಯ ಮುಂದೆ ಆಡಿದ್ದು.

ಗಂಡಸರಿಗೆ ಒಂದು ಕೆಲಸ ಬೇಗ ಮುಗಿಸಬಾರದೆಂದಿದ್ದರೆ ಅದನ್ನು ದೊಡ್ಡದು ಮಾಡುತ್ತಾರೆ. ಸವೆದ ಗೇರು ತೆಗೆದು ಅಂಥದ್ದೇ ಹೊಸ ಗೇರು ಹಾಕಿಸಿದ್ದರೆ ಎರಡು ದಿನದ ಕೆಲಸ. ನನ್ನ ಗಂಡ ಮೊಬೈಲಿನಲ್ಲಿ ವಿಡಿಯೊ ನೋಡಲು ಶುರುಮಾಡಿದರು. ಯಾವುದೋ ದೇಶದ ಗಡ್ಡದವನೊಬ್ಬ ತನ್ನ ಕಾರಿನ ಹಿಂಭಾಗ ಬಿಚ್ಚಿ ಹೆಚ್ಚು ಜಗ್ಗುವ ಗೇರು ಹಾಕಿ, ದಪ್ಪ ಶಾಫ್ಟು ಹಾಕಿ, ಗಾಲಿಯಿಂದ ಹೊಗೆ ಎಬ್ಬಿಸುತ್ತಿದ್ದ. ಇವರು ಅದನ್ನು ಗೊಬ್ಬರದ ಅಂಗಡಿಯ ಕಟ್ಟೆಗೆ ಒಯ್ದು ಗೆಳೆಯರಿಗೆ ತೋರಿಸಿದರು. ಒಬ್ಬರಿಗೂ ಆ ಭಾಷೆ ತಿಳಿಯದು, ಆದರೂ ಎಲ್ಲರೂ ತಲೆದೂಗಿದರು. ತೊಗರಿಯ ಧಾರಣೆಗೆ ತಲೆದೂಗುವ ಹಾಗೆಯೇ. ಭೀಮೆಯ ಸೇತುವೆ ದಾಟಿದ ಮೇಲಿನ ಏರಿನಲ್ಲಿ ಐದು ಜನ ಕೂತರೆ ಗಾಡಿ ಏದುಸಿರು ಬಿಡುತ್ತದೆ, ಅದು ಮನೆತನದ ಮರ್ಯಾದೆಯ ಪ್ರಶ್ನೆ ಎಂದು ಅಲ್ಲಿ ತೀರ್ಮಾನವಾಯಿತು.

ಹೆಚ್ಚು ಜಗ್ಗುವ ಕ್ರೌನ್-ಪಿನಿಯನ್ ಜೋಡಿ ಆಳಂದದ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಅದೇ ಕಂಪನಿಯವರು ಭಾರದ ಗಾಡಿಗೆಂದು ಮಾಡಿದ್ದು. ಬುರುಡೆ ಒಂದೇ, ಹಲ್ಲಿನ ಲೆಕ್ಕ ಬೇರೆ. ದಪ್ಪ ಶಾಫ್ಟು ಮಾತ್ರ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅಫಜಲಪುರದ ಲೇತಿನವನೊಬ್ಬ ಯಾವುದೋ ಟೆಂಪೊದ ಉದ್ದ ಶಾಫ್ಟನ್ನು ನಡುವೆ ಕತ್ತರಿಸಿ, ಗಿಡ್ಡ ಮಾಡಿ, ಮತ್ತೆ ಬೆಸೆದು ಕೊಟ್ಟ. ಕೂಡಿಸುವ ಕೆಲಸ ಜೇವರ್ಗಿಯ ನಮ್ಮ ಹಳೆಯ ಮಿಸ್ತ್ರಿಯದು. ಹೀಗೆ ಹಲ್ಲು ಆಳಂದದ್ದು, ಶಾಫ್ಟು ಅಫಜಲಪುರದ್ದು, ಹಣೆಬರಹ ಜೇವರ್ಗಿಯದು.

ಮಿಸ್ತ್ರಿ ಎಪ್ಪತ್ತರ ಹತ್ತಿರದ ಮುಸಲ್ಮಾನ, ಬಿಳಿ ಗಡ್ಡದ ತುದಿಗೆ ಯಾವಾಗಲೂ ಗ್ರೀಸು. ಕೈ ಒಳ್ಳೆಯದು, ಆದರೆ ತಲೆಯ ಮೇಲೆ ಯಾರಾದರೂ ನಿಂತರೆ ಕೈ ಕೆಡುವ ಮನುಷ್ಯ. ನನ್ನ ಗಂಡ ಮೊಬೈಲು ಹಿಡಿದು ಮೂರು ದಿನ ಅವನ ತಲೆಯ ಮೇಲೆ ನಿಂತರು. ಎರಡು ಹಲ್ಲುಗಾಲಿಗಳ ನಡುವಿನ ಸಂದು ಸರಿಮಾಡಲು ತೆಳು ತಗಡಿನ ಬಳೆಗಳನ್ನು ಸೇರಿಸುವುದೋ ತೆಗೆಯುವುದೋ ಮಾಡುತ್ತಾರೆ. ಮಿಸ್ತ್ರಿ ಅಳೆಯಲು ಕೂತರೆ ಇವರು, "ಹಳೇ ಬಳೀನ ಹಾಕ್ರಿ, ವಿಡಿಯೊದಾಗ ಹಂಗ ಹಾಕ್ಯಾನ," ಅಂದರಂತೆ.

"ಜೀ ಸಾಹುಕಾರ್ರ, ನಿಮ್ಮ ಗಾಡಿ, ನಿಮ್ಮ ವಿಡಿಯೊ," ಎಂದು ಮಿಸ್ತ್ರಿ ಬೋಲ್ಟು ಬಿಗಿದನಂತೆ. ಇದನ್ನು ಆಮೇಲೆ ಅವನೇ ನನಗೆ ಹೇಳಿದ್ದು.

ಮೊದಲ ಪಯಣ ಅಫಜಲಪುರಕ್ಕೆ, ನೆಂಟರ ಮನೆಯ ಬಸುರಿಯ ಕುಬಸಕ್ಕೆ. ಗಾಡಿ ಜಗ್ಗಿತು, ಸುಳ್ಳು ಹೇಳಬಾರದು. ಸೇತುವೆಯ ಏರನ್ನು ಅದು ಮೂರನೇ ಗೇರಿನಲ್ಲಿಯೇ ಹತ್ತಿದಾಗ ಮುಂದಿನ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೀಸೆ ತಿರುವಿದರು. ಸಪಾಟು ರಸ್ತೆಗೆ ಬಂದ ಮೇಲೆ ಸ್ಪೀಡಿನ ಮುಳ್ಳು ಎಂಬತ್ತು ತೋರಿಸಿತು. ಅಷ್ಟರಲ್ಲಿ ಹಾಲಿನ ಟೆಂಪೊ ಒಂದು ಹಾರ್ನ್ ಹೊಡೆದು ಆರಾಮಾಗಿ ನಮ್ಮನ್ನು ದಾಟಿ ಹೋಯಿತು.

"ಅಂವಾ ನೂರರ ಮ್ಯಾಲ ಹೋಗಾಕತ್ತಾನ. ಸಾಯ್ತಾನ ಒಂದ ದಿನ," ಅಂದರು ನನ್ನ ಗಂಡ.

ಹಿಂದಿನ ಹಲ್ಲಿನ ಲೆಕ್ಕ ಬದಲಾದ ಮೇಲೆ ಮುಂದಿನ ಮುಳ್ಳು ಇದ್ದ ವೇಗಕ್ಕಿಂತ ಹೆಚ್ಚು ತೋರಿಸಿ ಸುಳ್ಳು ಹೇಳುತ್ತದೆ ಎನ್ನುವುದು ಆ ಗಡ್ಡದವನ ವಿಡಿಯೊದಲ್ಲಿ ಇತ್ತೋ ಏನೋ. ಇದ್ದರೂ ಇವರಿಗೆ ಭಾಷೆ ಬಾರದು.

ಹಿಂದೆ ಮಾತ್ರ ಬೇರೆಯೇ ಲೋಕ. ಸೀಟಿನ ಅಡಿಯಿಂದ ಗುಂಯ್ ಎಂಬ ದನಿ ಏಳುತ್ತಿತ್ತು. ಎಕ್ಸಲರೇಟರ್ ಒತ್ತಿದರೆ ಏರುವುದು, ಬಿಟ್ಟರೆ ನರಳುವುದು. ನನ್ನ ಕಾಲಡಿಯ ಗುಬ್ಬಿ ಬೇರೆ ನಡುಗುತ್ತಿತ್ತು. ಮುಳ್ಳು ಅರವತ್ತು ದಾಟಿದರೆ ನಡುಕ ಅಂಗಾಲಿನಿಂದ ಹಲ್ಲಿನ ಬುಡದವರೆಗೆ ಬರುವುದು. ಅತ್ತೆ ಕಣ್ಣುಮುಚ್ಚಿ ಕೇಳುತ್ತ ಕೂತಿದ್ದರು.

"ಲೇ ತಮ್ಮಾ, ಕೆಳಗ ಏನೋ ತಿನ್ನಾಕತ್ತದ," ಅಂದರು.

"ಏನಿಲ್ಲವ್ವ. ಹೊಸಾದು. ನಾಕ ದಿನ ಓಡಾಡಿದ್ರ ಹೊಂದಿಕೊಳ್ತದ."

ನಾನು ಈ ಮನೆಗೆ ಬಂದ ಹೊಸತರಲ್ಲಿ ನನ್ನ ಬಗ್ಗೆ ಆಡಿದ್ದೂ ಇದೇ ಮಾತು. ಆಡಿದವರು ಆಗ ಅತ್ತೆ. ಈಗ ಅದು ಅವರ ಕಿವಿಗೇ ಬಿದ್ದದ್ದು ನೋಡಿ ನನಗೆ ಸಂತೋಷವಾಗಲಿಲ್ಲ ಎಂದರೆ ನಾನು ಸುಳ್ಳಿ.

"ಕಾಲ ಕೆಳಗ ನಡಗಾಕತ್ತದ್ರಿ," ಎಂದೆ ನಾನೂ.

ಮುಂದಿನ ಗೆಳೆಯರು ಕತ್ತು ಹೊರಳಿಸದೆಯೇ ಹೇಳಿದರು, "ವೈನಿ, ಹಿಂದ ಕೂತವ್ರಿಗೆ ಹಂಗ ಅನಸ್ತದ್ರಿ."

ಅನಿಸುತ್ತದಂತೆ. ಕುಬಸದಲ್ಲಿ ಹೋಳಿಗೆ ಬಡಿಸಿಕೊಂಡಾಗ ನನ್ನ ಕೈ ಇನ್ನೂ ನಡುಗುತ್ತಿತ್ತು, ಅದೂ ಅನಿಸಿಕೆಯೇ ಇರಬೇಕು. ಊರಿಗೆ ಮರಳಿದ ಮೇಲೆ ಕೀಲಿ ಕೇಳಿದೆ. "ನೀವ ಹೇಳಾಕತ್ತೀರಲ್ಲ ಸಪ್ಪಳ ಅದ ಅಂತ. ಸಪ್ಪಳ ಇರೂ ಗಾಡಿ ನಿನಗ ಹೆಂಗ ಕೊಡ್ಲಿ?" ಅಂದರು. ಅಂದರೆ ರಿಪೇರಿ ಮಾಡಿಸಲು ಸಪ್ಪಳ ಇಲ್ಲ, ಕೀಲಿ ಕೊಡಲು ಸಪ್ಪಳ ಇದೆ. ನನಗೆ ಸಿಟ್ಟು ನೆತ್ತಿಗೇರಿತು. ಅತ್ತ ಸಾಲೆಯ ಹಾಜರಿಯಲ್ಲಿ ಇನ್ನೊಂದು ಕೆಂಪು ಗೆರೆ ಬಿತ್ತು.

ಅತ್ತೆಯ ಕಾಟ ತಡೆಯದೆ ನನ್ನ ಗಂಡ ಮಿಸ್ತ್ರಿಯನ್ನು ಮೂರು ಸಲ ಗಾಡಿಯಲ್ಲಿ ಸುತ್ತಾಡಿಸಿದರು. ಮೂರು ಸಲವೂ ಇವರು ಸ್ಟೇರಿಂಗಿಗೆ, ಮಿಸ್ತ್ರಿ ಪಕ್ಕಕ್ಕೆ, ಹಿಂದಿನ ಸೀಟು ಖಾಲಿ. ಡೀಸೆಲ್ ಎಂಜಿನ್ನಿನ ಗದ್ದಲದ ಮಗ್ಗುಲಲ್ಲಿ ಕೂತು ಇಬ್ಬರೂ ಹಿಂದಿನ ಸಪ್ಪಳ ಹುಡುಕಿದರು. ಸಿಗಲಿಲ್ಲ. ಕಟ್ಟೆಯ ಗೆಳೆಯರಲ್ಲೊಬ್ಬರು ಬುರುಡೆಯೊಳಗೆ ಎರಡು ಡಜನ್ ಬಾಳೆಹಣ್ಣು ತುಂಬಿದರೆ ಎಂಥ ಸಪ್ಪಳವೂ ಅಡಗುತ್ತದೆಂದು ಸಲಹೆ ಕೊಟ್ಟರು. ತಾವು ಹಾಗೆಯೇ ಒಂದು ಜೀಪು ಮಾರಿದ್ದಾಗಿ ಹೆಮ್ಮೆಯಿಂದ ಹೇಳಿದರು. ಮಿಸ್ತ್ರಿ ಬೋಲ್ಟು ಬಿಗಿಯುವ ಪಾನಾ ಎತ್ತಿ ಅಂಗಡಿಯ ಬಾಗಿಲಿಗೆ ಬಂದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ನಾಲ್ಕನೆಯ ಸಲ ಹೊರಟಾಗ ನಾನು ಗಾಡಿಗೆ ಅಡ್ಡ ನಿಂತೆ.

"ಮಿಸ್ತ್ರಿ, ಹಲ್ಲು ಬ್ಯಾನಿ ಆದ್ರ ಡಾಕ್ಟರು ಬಾಯಿ ನೋಡತಾರೋ ಮೊಣಕಾಲು ನೋಡತಾರೋ? ಹಿಂದ ಬಂದು ಕೂಡ್ರಿ," ಎಂದೆ.

ಮಿಸ್ತ್ರಿ ನನ್ನ ಗಂಡನ ಮುಖ ನೋಡಿದ. ಆಮೇಲೆ ಮನೆಯ ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಮುಖ ನೋಡಿದ. "ಬಹೂ ಖರೇ ಹೇಳ್ತಾಳ," ಎಂದು ಒರೆಸುವ ಅರಿವೆಯಿಂದ ತನ್ನ ಪೈಜಾಮ ಝಾಡಿಸಿಕೊಂಡು ಗುಬ್ಬಿಯ ಆಚೆ, ಎಡ ಕಿಟಕಿಗೆ ಕೂತ. ಅತ್ತೆ ತಮ್ಮ ಬಲ ಕಿಟಕಿಗೆ ಕೂತರು. ಬೇರೆ ಗಂಡಸಿನ ಮಗ್ಗುಲಿಗೆ ಸೊಸೆ ಕೂರುವಂತಿರಲಿಲ್ಲವಾದ್ದರಿಂದ ನಾನು ಮುಂದೆ ಕೂತೆ. ಹದಿನಾರು ವರ್ಷದಲ್ಲಿ ಮೊದಲ ಸಲ.

ಕೊಳಕೂರ ರಸ್ತೆಗೆ ಹೊರಟೆವು. ಮುಂದಿನ ಸೀಟು ಎಂಥ ಮೆತ್ತಗಿತ್ತು. ಗಾಜಿನ ತುಂಬ ರಸ್ತೆ, ಎರಡೂ ಕಡೆ ಹೂಬಿಟ್ಟ ತೊಗರಿ, ಮುಖಕ್ಕೆ ಗಾಳಿ. ಒಂದೆರಡು ಮೈಲಿ ಹೋದ ಮೇಲೆ ನನಗೆ ಹೊಳೆಯಿತು, ನನಗೂ ಏನೂ ಕೇಳಿಸುತ್ತಿರಲಿಲ್ಲ. ಗುಂಯ್ ಇಲ್ಲ, ನಡುಕ ಇಲ್ಲ, ಎಲ್ಲ ಸರಿಯಾಗಿಯೇ ಇದೆಯಲ್ಲ ಎನಿಸತೊಡಗಿತ್ತು. ಅಷ್ಟು ಬೇಗ ನಾನೂ ಅವರ ಪೈಕಿ ಆಗಿಬಿಟ್ಟಿದ್ದೆ. ನಾಚಿಕೆಯಾಯಿತು.

ಹಿಂದಿನಿಂದ ಮಿಸ್ತ್ರಿಯ ದನಿ ಬಂತು. "ಯಾ ಅಲ್ಲಾ. ಸಾಹುಕಾರ್ರ, ಗಾಡಿ ನಿಂದರಸ್ರಿ. ನೀವು ಗಾಡಿ ಓಡಸಾಕತ್ತೀರೋ ಗಿರಣಿ ಓಡಸಾಕತ್ತೀರೋ?"

ಬುರುಡೆ ಮತ್ತೆ ಬಿಚ್ಚಿದ್ದು ನಮ್ಮ ಅಂಗಳದಲ್ಲಿಯೇ. ಅತ್ತೆ ಹಠ ಹಿಡಿದು ಅಲ್ಲಿಯೇ ಬಿಚ್ಚಿಸಿದರು, ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತರು. ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತದೆಂದು ನೋಡಲು ಬಣ್ಣ ಹಚ್ಚಿ ತಿರುಗಿಸಬೇಕು. ಮಿಸ್ತ್ರಿಯ ಬಣ್ಣದ ಡಬ್ಬಿ ಒಣಗಿಹೋಗಿತ್ತು. ನಾನು ಒಳಗಿನಿಂದ ಕುಂಕುಮ ತಂದು ಎಣ್ಣೆಯಲ್ಲಿ ಕಲಸಿ ಕೊಟ್ಟೆ. ಹಚ್ಚಿ ತಿರುಗಿಸಿದರೆ ಹಲ್ಲಿನ ನಡುವೆ ಬೀಳಬೇಕಾದ ಗುರುತು ಬುಡದಲ್ಲಿ ಬಿದ್ದಿತ್ತು. ಎರಡೂ ಗಾಲಿ ಒಂದನ್ನೊಂದು ಒತ್ತಿಕೊಂಡು ಕೂತಿದ್ದವು.

ಮಿಸ್ತ್ರಿ ತಗಡಿನ ಬಳೆ ತೋರಿಸಿ, ಇದು ಒಂದು ಕೂದಲೆಳೆ ದಪ್ಪ ಆದರೆ ಸಪ್ಪಳ, ತೆಳು ಆದರೆ ಬಡಿತ ಎಂದು ವಿವರಿಸಲು ಹೊರಟ. ಅತ್ತೆ ಅವನ ಮಾತು ಮುಗಿಯಗೊಡಲಿಲ್ಲ.

"ಇದು ಬೀಸೂಕಲ್ಲಿನ ಚಿಂದಿ ಅಲ್ಲೇನೋ?" ಅಂದರು.

ಬೀಸುಕಲ್ಲಿನಲ್ಲಿ ಹಿಟ್ಟು ಬೀಸಲು ಎರಡು ಕಲ್ಲು ಹತ್ತಿರ ಇರಬೇಕು, ತೊಗರಿ ಒಡೆದು ಬೇಳೆ ಮಾಡಲು ತುಸು ದೂರ ಇರಬೇಕು. ಅದಕ್ಕೆ ನಡುವಿನ ಗೂಟಕ್ಕೆ ಅರಿವೆಯ ಚಿಂದಿ ಇಟ್ಟು ಮೇಲಿನ ಕಲ್ಲನ್ನು ಎತ್ತರಿಸುತ್ತಾರೆ. ಚಿಂದಿ ಎಷ್ಟು ಬೇಕೆನ್ನುವುದಕ್ಕೆ ಅಳತೆಯಿಲ್ಲ, ಕಿವಿಯೇ ಅಳತೆ. ಕಲ್ಲು ಕಲ್ಲನ್ನು ತಿನ್ನುವ ಸಪ್ಪಳ ಬೇರೆ, ಕಾಳನ್ನು ತಿನ್ನುವ ಸಪ್ಪಳ ಬೇರೆ. ಅತ್ತೆ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ನಲವತ್ತರವರೆಗೆ ಬೇಳೆ ಒಡೆದವರು.

ಎರಡು ದಿನ ಹಾಗೆಯೇ ನಡೆಯಿತು. ಮಿಸ್ತ್ರಿ ಒಂದು ಬಳೆ ಬದಲಿಸಿ ಕೈಯಿಂದ ತಿರುಗಿಸುತ್ತಿದ್ದ, ಅತ್ತೆ ಕಣ್ಣುಮುಚ್ಚಿ ಕೇಳುತ್ತಿದ್ದರು. "ಇನ್ನೂ ತಿನ್ನಾಕತ್ತದ." ಮತ್ತೊಂದು ಬಳೆ. "ಈಗ ಭಾಳ ಸಡಲ ಆತು, ಕಾಳು ಹಂಗ ಹೊರಗ ಬೀಳ್ತಾವ." ಮಿಸ್ತ್ರಿ ತನ್ನ ಗಡಿಯಾರದಂಥ ಅಳತೆಯ ಸಾಧನ ಹಚ್ಚಿ ನೋಡಿ, ಅದೂ ಅತ್ತೆ ಹೇಳಿದ್ದನ್ನೇ ಹೇಳಿದ್ದು ಕಂಡು ತೆಗೆದಿಟ್ಟ. ಅಫಜಲಪುರದವನು ಶಾಫ್ಟಿನ ಎರಡು ತುದಿಯ ಜಾಯಿಂಟುಗಳನ್ನು ಒಂದೇ ಸಾಲಿಗೆ ಬೆಸೆಯದೆ ಓರೆ ಬೆಸೆದಿದ್ದನ್ನು ತೋರಿಸಿದವಳು ನಾನು. ನಡುಕ ಎಲ್ಲಿಂದ ಬರುತ್ತಿತ್ತೆಂದು ನನ್ನ ಅಂಗಾಲಿಗೆ ಗೊತ್ತಿತ್ತು. ಅದನ್ನೂ ಕತ್ತರಿಸಿ ಸಾಲಿಗೆ ತಂದು ಬೆಸೆಸಿದರು. ಈ ಎರಡು ದಿನ ನನ್ನ ಗಂಡನಿಗೆ ಅಂಗಡಿಯಲ್ಲಿ ಬಹಳ ಕೆಲಸವಿತ್ತು.

ಮೂರನೆಯ ದಿನ ಗಂಡ ಸ್ಟೇರಿಂಗಿಗೆ, ಅತ್ತೆ ಹಿಂದೆ, ನಾನು ಗುಬ್ಬಿಯ ಮೇಲೆ. ಇಜೇರಿಯವರೆಗೆ ಹೋಗಿ ಬಂದೆವು. ಸೀಟಿನ ಅಡಿ ಸದ್ದಿಲ್ಲ, ಕಾಲಡಿ ನಡುಕವಿಲ್ಲ. ಅತ್ತೆ ನಿದ್ದೆ ಮಾಡಿದರು.

ಮಿಸ್ತ್ರಿ ಜೇವರ್ಗಿಯ ತುಂಬ ಹೇಳಿಕೊಂಡು ತಿರುಗಿದ. "ನನ್ನ ಮಷೀನಿಗಿಂತ ಆ ಅಮ್ಮನ ಕಿವಿ ಚೊಲೊ ಅದ" ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿಯೂ ಹೇಳಿದನಂತೆ. ಟ್ರ್ಯಾಕ್ಟರಿನವನೊಬ್ಬ ಮನೆಯ ಮುಂದೆ ಗಾಡಿ ನಿಲ್ಲಿಸಿ, "ಅಮ್ಮಾ, ಸ್ವಲ್ಪ ಇದನ್ನೂ ಕೇಳ್ರಿ" ಎಂದು ಬೇಡಿಕೊಂಡದ್ದೂ ಆಯಿತು. ಅತ್ತೆಗೆ ಇದರಿಂದ ತಲೆ ತಿರುಗಲಿಲ್ಲ ಅನ್ನಲಾರೆ. ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದು ಕೂರುವ ಹೊತ್ತು ಅರ್ಧ ಗಂಟೆ ಮುಂಚೆಯಾಯಿತು, ನಾನು ರೊಟ್ಟಿ ಬಡಿಯುವ ಸಪ್ಪಳದಲ್ಲಿಯೂ ತಪ್ಪು ಹುಡುಕತೊಡಗಿದರು.

ನಾನು ಕೀಲಿ ಕೇಳಿದೆ. "ಸೋಮವಾರ," ಅಂದರು ನನ್ನ ಗಂಡ. ಶನಿವಾರ ಸಂಜೆ ಹವಳಗಾದಿಂದ ಒಬ್ಬ ಮನುಷ್ಯ ಬಂದ. ಕಾರ್ಖಾನೆಗೆ ಕಬ್ಬು ಸಾಗಿಸುವ ಗುತ್ತಿಗೆದಾರ, ಕೈಗೆ ನಾಲ್ಕು ಉಂಗುರ. ನಾನು ಚಹಾ ಒಯ್ದಾಗ ಗೊತ್ತಾಯಿತು, ಬಂದದ್ದು ಕಾರು ನೋಡಲು. ಹಿಂದಿನದು ಗಟ್ಟಿಯಾಗಿದೆ, ಈಗ ಒಳ್ಳೆಯ ಗಿರಾಕಿ ಸಿಗುತ್ತಾನೆ ಎಂದು ನನ್ನ ಗಂಡ ಅಂಗಡಿಯ ಕಟ್ಟೆಯಲ್ಲಿ ಮಾತಾಡಿಟ್ಟಿದ್ದರು. ನನಗೆ ಹೇಳಿರಲಿಲ್ಲ. ಚಹಾವನ್ನು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಬಾಗಿಲ ಹತ್ತಿರ ನಿಂತುಕೊಂಡೆ. ಕಣ್ಣಲ್ಲಿ ನೀರು ಬಂತು, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಗುತ್ತಿಗೆದಾರ ಒಂದು ಸುತ್ತು ಓಡಿಸಿ ಬಂದು ಖುಷಿಯಾಗಿದ್ದ. "ಹಿಂದ ಭಾರಿ ಸಪ್ಪಳ ಇತ್ತು ಅಂತ ಕೇಳಿದ್ದೆ," ಅಂದ.

"ಇತ್ರಿ. ನಾನ ಒಂದಿನ ಹಿಂದ ಕೂತು ಹಿಡದೆ. ಮಿಸ್ತ್ರಿಗೆ ನಾನ ಹೇಳಿ ಬಳಿ ಬದಲಿ ಮಾಡಿಸಿದೆ. ವಿಡಿಯೊದಾಗ ನೋಡಿದ್ದೆ," ಅಂದರು ನನ್ನ ಗಂಡ.

ಅತ್ತೆ ಕಟ್ಟೆಯ ಮೇಲೆ ಕೂತು ಇದನ್ನು ಕೇಳಿದರು. ಗುತ್ತಿಗೆದಾರ ಅವರ ಕಡೆಗೆ ತಿರುಗಿ ಕೈಮುಗಿದ.

"ಸಪ್ಪಳ ಕೇಳೂ ಅಮ್ಮಾರು ನೀವ ಏನ್ರಿ? ಮಿಸ್ತ್ರಿ ಹೇಳ್ಯಾನ. ಈಗ ಗಾಡಿ ಸಪ್ಪಳ ಬಿಟ್ಟದ ಅಲ್ರಿ?"

ಅತ್ತೆ ಕಣ್ಣುಮುಚ್ಚಿದರು. "ಇಲ್ರಿ. ಇನ್ನೂ ಅದ," ಅಂದರು.

"ನಂಗೇನೂ ಕೇಳಲಿಲ್ರಿ."

"ನಿಮಗ ಕೇಳೂದಿಲ್ರಿ. ಇನ್ನ ಎಳೀ ಸಪ್ಪಳ. ಒಂದ ಮಳಿಗಾಲ ಆಗಲಿ, ಆಮ್ಯಾಲ ನಿಮ್ಮ ಹವಳಗಾಕ್ಕ ಕೇಳ್ತದ."

ಗುತ್ತಿಗೆದಾರ ಉಳಿದ ಚಹಾ ಕುಡಿದು, ಹೊಲದ ಕೆಲಸ ನೆನಪಾಯಿತೆಂದು ಎದ್ದು ಹೋದ. ಅವನ ಬೈಕು ತಿರುವು ದಾಟಿತು. ನನ್ನ ಗಂಡ ತಾಯಿಯ ಮುಂದೆ ಬಂದು ನಿಂತರು.

"ಅವ್ವಾ, ಎಲ್ಲಿ ಅದ ಸಪ್ಪಳ?"

"ಎಲ್ಲೂ ಇಲ್ಲ."

"ಮತ್ತ ಯಾಕ ಸುಳ್ಳ ಹೇಳಿದಿ?"

"ಮೊದಲ ನೀ ಹೇಳಿದಿ," ಅಂದರು ಅತ್ತೆ. "ಸೋಮವಾರ ಅಂದಿದ್ಯಲ್ಲ, ಕೀಲಿ ಆಕಿಗೆ ಕೊಡು. ಆಕಿ ಸಾಲಿಗೆ ಹೋಗಬೇಕು."

ಅವರು ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದರು. ನಾನು ಬಗ್ಗಿ ಎತ್ತಿಕೊಂಡೆ.